ಲೀಕ್ ಇಲ್ಲದಿದ್ದರೂ ಆಯಿಲ್ ಕಡಿಮೆಯಾಗುತ್ತದೆ

"ನೆಲದಲ್ಲಿ ಒಂದು ತೊಟ್ಟು ಇಲ್ಲ ಮಾರಾಯ್ರೆ, ಮತ್ತೆ ಆಯಿಲ್ ಎಲ್ಲಿಗೆ ಹೋಯ್ತು?"

ಉಡುಪಿ ಹತ್ತಿರದ ಸಂತೆಕಟ್ಟೆಯ ನನ್ನ ಗ್ಯಾರೇಜಿನಲ್ಲಿ ಈ ಪ್ರಶ್ನೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಕೇಳುವವರು ಗಾಡಿಯನ್ನು ಹಾಳುಗೆಡವುವ ಜನ ಅಲ್ಲ. ಬ್ಯಾಂಕಿನವರು, ಮಣಿಪಾಲದ ನರ್ಸುಗಳು, ಅಡುಗೆ ಭಟ್ರು. ಭಾನುವಾರ ಗಾಡಿ ತೊಳೆಯುತ್ತಾರೆ, ಗಾಳಿ ಚೆಕ್ ಮಾಡಿಸುತ್ತಾರೆ, ಬ್ರೇಕ್ ಸ್ವಲ್ಪ ಕಿರುಗುಟ್ಟಿದರೂ ಬಂದುಬಿಡುತ್ತಾರೆ. ಆದರೆ ಎಂಜಿನ್ ಆಯಿಲ್‌ನ ಲೆವೆಲ್ ತೋರಿಸುವ ಕಡ್ಡಿ ಎಳೆದು ನೋಡಿದವರು ನೂರರಲ್ಲಿ ನಾಲ್ಕು ಮಂದಿ ಸಿಕ್ಕಿದರೆ ಹೆಚ್ಚು. ಅದಕ್ಕೇ ಇವತ್ತು ಇದೊಂದನ್ನೇ ಬರೆಯುತ್ತೇನೆ.

ಕಳೆದ ಮಾರ್ಚ್‌ನಲ್ಲಿ ಒಬ್ಬರು ಟೀಚರ್ ಫೋನ್ ಮಾಡಿದರು. ದಿನಾ ಬ್ರಹ್ಮಾವರದಿಂದ ಉಡುಪಿಗೆ ಸ್ಕೂಟರಿನಲ್ಲಿ ಹೋಗುವವರು. ಕಲ್ಯಾಣಪುರದ ಸೇತುವೆ ದಾಟುತ್ತಿದ್ದ ಹಾಗೆ ಗಾಡಿ ಎಳೆಯುವುದು ಕಡಿಮೆಯಾಗಿ, ಕರಕರ ಸದ್ದು ಬಂದು ನಿಂತೇ ಹೋಯಿತಂತೆ. ನಾನು ಹೋಗಿ ಕಿಕ್ ಒತ್ತಿದೆ. ಕಲ್ಲಿನ ಹಾಗೆ ಕೂತಿತ್ತು. ಗ್ಯಾರೇಜಿಗೆ ತಂದು ಡ್ರೈನ್ ನಟ್ ಬಿಚ್ಚಿದರೆ ಬಂದದ್ದು ಅರ್ಧ ಚಾ ಗ್ಲಾಸಿನಷ್ಟು ಆಯಿಲ್, ಡಾಂಬರಿನ ಹಾಗೆ. ಬೋರ್‌ನ, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆಯ, ಒಳಗೆ ಬೆರಳಾಡಿಸಿದಾಗ ಉದ್ದುದ್ದ ಗೀರುಗಳು ಉಗುರಿಗೆ ಸಿಕ್ಕಿದವು. ಬೋರ್, ಪಿಸ್ಟನ್, ಹೆಡ್ ಕೆಲಸ ಎಲ್ಲ ಸೇರಿ 9 ಸಾವಿರದ ಹತ್ತಿರ ಹೋಯಿತು. ಟೀಚರ್ ಅಳುವುದೊಂದು ಬಾಕಿ. "ಆಗಸ್ಟ್‌ನಲ್ಲಿ ಸರ್ವಿಸ್ ಮಾಡಿಸಿದ್ದೆ ಅಲ್ವಾ ಅಣ್ಣ?" ಎಂದರು. ಮಾಡಿಸಿದ್ದು ನಿಜ. ಆಮೇಲೆ ಏಳು ತಿಂಗಳು ಯಾರೂ ಕಡ್ಡಿ ಮುಟ್ಟಿರಲಿಲ್ಲ.

ಆಯಿಲ್ ಎಲ್ಲಿಗೆ ಹೋಯಿತು ಎಂದು ಅವರಿಗೆ ಹೇಳಿದ ಹಾಗೆಯೇ ಇಲ್ಲೂ ಹೇಳುತ್ತೇನೆ. ಮನೆಯಲ್ಲಿ ನೀರುದೋಸೆ ಎರೆಯುವಾಗ ಪ್ರತಿ ದೋಸೆಗೂ ಕಾವಲಿಗೆ ಎಣ್ಣೆ ಸವರುತ್ತೀರಲ್ಲ? ಎಣ್ಣೆಯ ಬಟ್ಟಲು ತೂತಾಗಿಲ್ಲ. ಆದರೂ ದೋಸೆ ಮುಗಿಯುವಷ್ಟರಲ್ಲಿ ಬಟ್ಟಲು ಖಾಲಿ. ಎಂಜಿನ್‌ನಲ್ಲೂ ಅದೇ. ಪಿಸ್ಟನ್ ಕೆಳಗೆ ಇಳಿಯುವಾಗ ಅದರ ಸುತ್ತ ಇರುವ ರಿಂಗ್‌ಗಳು ಬೋರ್‌ನ ಗೋಡೆಯ ಆಯಿಲನ್ನು ಬಳಿದುಕೊಂಡೇ ಬರುತ್ತವೆ, ಆದರೂ ತೆಳುವಾದ ಒಂದು ಪದರ ಉಳಿಯುತ್ತದೆ. ಉಳಿಯಲೇಬೇಕು, ಇಲ್ಲದಿದ್ದರೆ ಪಿಸ್ಟನ್ ಜಾರುವುದಿಲ್ಲ. ಮೇಲೆ ಪೆಟ್ರೋಲ್ ಉರಿಯುವಾಗ ಆ ಪದರದ್ದು ಚೂರು ಜೊತೆಗೇ ಉರಿದು ಸೈಲೆನ್ಸರ್‌ನಲ್ಲಿ ಹೋಗುತ್ತದೆ. ಹೊಸ ಗಾಡಿಯಲ್ಲಿ ಇದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ರಿಂಗ್, ವಾಲ್ವ್ ಸೀಲ್ ಸವೆದ ಹಾಗೆ ಜಾಸ್ತಿಯಾಗುತ್ತದೆ. ಸಾವಿರ ಕಿಲೋಮೀಟರಿಗೆ ಇಷ್ಟೇ ಎಂದು ನಾನು ಹೇಳುವುದಿಲ್ಲ, ಗಾಡಿಯಿಂದ ಗಾಡಿಗೆ ಬೇರೆ ಇರುತ್ತದೆ. ಆದರೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಕಂಡರೆ ಆಯಿಲ್ ಸುರಿದು ಸುಮ್ಮನಾಗಬೇಡಿ, ಮೆಕ್ಯಾನಿಕ್‌ಗೆ ತೋರಿಸಿ.

ಕಾರಿನಲ್ಲಿ ಮೂರು-ನಾಲ್ಕು ಲೀಟರ್ ಇರುತ್ತದೆ, ಕಾಲು ಲೀಟರ್ ಹೋದರೆ ತಿಳಿಯುವುದೇ ಇಲ್ಲ. 110 ಸಿಸಿ ಸ್ಕೂಟರಿನಲ್ಲಿ ಇರುವುದೇ 700-800 ಮಿಲಿ. ಅದರಲ್ಲಿ ಕಾಲು ಲೀಟರ್ ಹೋದರೆ ಮೂರರಲ್ಲಿ ಒಂದು ಪಾಲು ಹೋದ ಹಾಗೆ. ಉಳಿದ ಅಷ್ಟೇ ಆಯಿಲ್ ಎಲ್ಲ ಬಿಸಿಯನ್ನೂ ಹೊರಬೇಕು.

"ಕಡಿಮೆಯಾದರೆ ಮೀಟರಿನಲ್ಲಿ ಲೈಟ್ ಬರ್ತದಲ್ಲ?" ಎನ್ನುವವರು ತುಂಬಾ ಜನ. ಇದನ್ನು ದಯವಿಟ್ಟು ತಲೆಯಿಂದ ತೆಗೆದುಹಾಕಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆಯ ಹೊಸ ನಿಯಮದ) ಸ್ಕೂಟರ್‌ಗಳಲ್ಲಿ ಕಾಣುವ ಎಂಜಿನ್ ಚಿತ್ರದ ಹಳದಿ ಲೈಟ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆಯ ಸೆನ್ಸರ್, ವೈರಿಂಗ್ ತೊಂದರೆ ತೋರಿಸಲಿಕ್ಕೆ ಇರುವುದು. ಆಯಿಲ್ ಎಷ್ಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ನಮ್ಮ ಹೆಚ್ಚಿನ ಸ್ಕೂಟರ್‌ಗಳಲ್ಲಿ ಅದನ್ನು ಹೇಳುವುದು ಆ ಕಡ್ಡಿ ಮಾತ್ರ.

ನೋಡುವ ಕ್ರಮದಲ್ಲೂ ತಪ್ಪುತ್ತಾರೆ. ನಮ್ಮ ಕಡೆಯ ಅಂಗಳ ಮಳೆನೀರು ಹರಿದುಹೋಗಲಿ ಎಂದು ಒಂದು ಬದಿಗೆ ಇಳಿಜಾರಾಗಿಯೇ ಇರುತ್ತದೆ. ಅಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ನೋಡಿದರೆ ಲೆವೆಲ್ ಸರಿ ಸಿಗುವುದಿಲ್ಲ. ಸಮತಟ್ಟಾದ ಕಡೆ ಡಬಲ್ ಸ್ಟ್ಯಾಂಡ್ ಹಾಕಿ. ಮೂರು ನಿಮಿಷ ಎಂಜಿನ್ ಚಾಲೂ ಇಡಿ, ಬಂದ್ ಮಾಡಿ, ಇನ್ನು ಮೂರು ನಿಮಿಷ ಬಿಡಿ. ಕಡ್ಡಿ ತೆಗೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ತೆಗೆಯಿರಿ. ತುಂಬಾ ಸ್ಕೂಟರ್‌ಗಳಲ್ಲಿ ನೋಡುವಾಗ ಅದನ್ನು ತಿರುಗಿಸಿ ಬಿಗಿ ಮಾಡಬಾರದು, ಸುಮ್ನೆ ಇಳಿಸಬೇಕು. ನಿಮ್ಮ ಗಾಡಿಗೆ ಯಾವುದು ಎಂದು ಸೀಟಿನಡಿ ಇರುವ ಪುಸ್ತಕದಲ್ಲಿ ನೋಡಿ. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು. ಕೆಳಗಿನ ಗೆರೆಯ ಹತ್ತಿರ ಬಂದಿದ್ದರೆ ಆ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲನ್ನೇ ಸ್ವಲ್ಪ ಸ್ವಲ್ಪವೇ ಹಾಕಿ ನೋಡುತ್ತಾ ಬನ್ನಿ. ಇರಲಿ ಎಂದು ಜಾಸ್ತಿ ಸುರಿದರೆ ನೊರೆಯೆದ್ದು ಏರ್ ಫಿಲ್ಟರ್‌ಗೆ ಹೋಗುತ್ತದೆ.

ಬೈಕಿನವರು ಅಂಗಡಿಯಲ್ಲಿ ಸಿಕ್ಕಿದ ಕಾರಿನ ಆಯಿಲ್ ಹಾಕಬೇಡಿ. ಹೆಚ್ಚಿನ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಸ್ಲಿಪ್ ಆಗಲಿಕ್ಕೆ ಶುರುವಾಗಬಹುದು.

ಬಣ್ಣ ಕಪ್ಪಾಗಿದೆ ಎಂದು ಹೆದರುವವರೂ ಇದ್ದಾರೆ. ಕಪ್ಪಾಗುವುದು ಮಸಿಯನ್ನು ಎತ್ತಿಕೊಂಡದ್ದಕ್ಕೆ, ಅದು ಆಯಿಲ್‌ನ ಕೆಲಸವೇ. ನಾನು ಹೆದರುವುದು ಬಿಳಿ ಬಣ್ಣಕ್ಕೆ. ಮಳೆಗಾಲದಲ್ಲಿ ಶಾಲೆಗೆ, ಅಂಗಡಿಗೆ ಅಂತ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗಿನ ತೇವ ಆರದೆ ಕಡ್ಡಿಯ ಮುಚ್ಚಳದ ಅಡಿಯಲ್ಲಿ ಹಾಲು ಚಾದ ಬಣ್ಣದ ನೊರೆ ಕೂರುತ್ತದೆ. ಅಂಥ ಗಾಡಿಗೆ ಕಿಲೋಮೀಟರ್ ಲೆಕ್ಕ ಸಾಲದು, ತಿಂಗಳ ಲೆಕ್ಕವೂ ನೋಡಿ ಆಯಿಲ್ ಬದಲಿಸಬೇಕು. 2020ರ ಸೆಪ್ಟೆಂಬರ್ ನೆರೆಯಲ್ಲಿ ಉಡುಪಿಯ ಕಲ್ಸಂಕದ ಕಡೆಯಿಂದ ಬಂದ ಗಾಡಿಗಳಲ್ಲಿ ನೊರೆಯಲ್ಲ, ಇಡೀ ಆಯಿಲೇ ಕಾಫಿಯ ಹಾಗಿತ್ತು. ನೀರಲ್ಲಿ ಮುಳುಗಿದ ಗಾಡಿಯ ಸೆಲ್ಫ್ ಮಾತ್ರ ಒತ್ತಬೇಡಿ. ತಳ್ಳಿಕೊಂಡೇ ಬನ್ನಿ, ಎಷ್ಟು ಹೊತ್ತಾದರೂ ನಾನು ಬಾಗಿಲು ತೆರೆದಿಡುತ್ತೇನೆ.

ಮಲ್ಪೆಯಿಂದ ಮೀನು ತಂದು ಮಾರುವ ಅಕ್ಕ ಒಬ್ಬರಿದ್ದಾರೆ. ಸೀಟಿನಡಿ ಹಳೆ ಬನಿಯನ್ ತುಂಡು ಮತ್ತು ಸಣ್ಣ ಬಾಟಲಿಯಲ್ಲಿ ಆಯಿಲ್ ಇಟ್ಟಿರುತ್ತಾರೆ. ತಿಂಗಳಿಗೆರಡು ಸಲ ಕಡ್ಡಿ ನೋಡುತ್ತಾರೆ. ಹನ್ನೊಂದು ವರ್ಷದ ಗಾಡಿ, ಉಪ್ಪುಗಾಳಿಗೆ ಬಾಡಿಯೆಲ್ಲ ತುಕ್ಕು ತಿಂದಿದೆ. ಎಂಜಿನ್ ನಾನಿನ್ನೂ ಬಿಚ್ಚಿಲ್ಲ.

ಟೀಚರ್ ಈಗ ಪ್ರತಿ ತಿಂಗಳು ಕಡ್ಡಿಯ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ. ಹೋದ ವಾರದ ಫೋಟೋದಲ್ಲಿ ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಹಿಂದೆ ಕಾಣುತ್ತಿದ್ದ ಸ್ಕೂಟರ್ ಎಡಕ್ಕೆ ವಾಲಿತ್ತು. "ಟೀಚರ್, ಡಬಲ್ ಸ್ಟ್ಯಾಂಡ್ ಹಾಕಿ ಇನ್ನೊಮ್ಮೆ ನೋಡಿ" ಎಂದು ಬರೆದೆ. ಹತ್ತು ನಿಮಿಷದಲ್ಲಿ ಇನ್ನೊಂದು ಫೋಟೋ ಬಂತು. ಲೆವೆಲ್ ಸರಿ ನಡುವೆ ಇತ್ತು.