ಘಾಟಿ ಹತ್ತುವ ವ್ಯಾನು, ಸುಳ್ಳು ಹೇಳುವ ಮುಳ್ಳು

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಒಳಗೇ ಉಳಿದು, ಅಡುಗೆ ಮಾಡಿಕೊಂಡು ತಿರುಗುವ ನಮ್ಮ ವ್ಯಾನಿನಲ್ಲಿ ಸೋಮೇಶ್ವರದ ಕಡೆಯಿಂದ ಹತ್ತುತ್ತಿದ್ದೆವು. ಎಂಟೋ ಒಂಬತ್ತೋ ತಿರುವು ಕಳೆದಿರಬೇಕು, ಅಲ್ಲಿಯವರೆಗೆ ಮೇಲೆ ಮೇಲೆ ಹೋಗುತ್ತಿದ್ದ ಡ್ಯಾಶ್‌ಬೋರ್ಡಿನ ಹೀಟ್ ಮುಳ್ಳು ತಾನಾಗೇ ಕೆಳಗಿಳಿಯಿತು. "ಸದ್ಯ, ತಣ್ಣಗಾಯ್ತು" ಎಂದೆ. ಪಕ್ಕದಲ್ಲಿದ್ದ ಭಾವನೂ ತಲೆಯಾಡಿಸಿದರು. ಇನ್ನೆರಡು ತಿರುವು ಹೋಗುವಷ್ಟರಲ್ಲಿ ವ್ಯಾನು ಎಳೆಯುವುದನ್ನೇ ಬಿಟ್ಟಿತು.

ಬಾನೆಟ್ ಎತ್ತಿದರೆ ಬೆಲ್ಲದ ಪಾಕ ಸೀದಂಥ ವಾಸನೆ. ಹೀಟರ್‌ಗೆ ಹೋಗುವ ಹೆಬ್ಬೆರಳು ಗಾತ್ರದ ರಬ್ಬರ್ ಪೈಪಿನ ಕ್ಲಿಪ್ ಸಡಿಲವಾಗಿ, ಎಂಜಿನ್ ತಣಿಸುವ ನೀರು, ಅಂದರೆ ಕೂಲೆಂಟೆಲ್ಲ ಎಲ್ಲೋ ದಾರಿಯಲ್ಲೇ ಹೋಗಿತ್ತು. ತಮಾಷೆ ನೋಡಿ, ವ್ಯಾನಿನ ಹಿಂದೆ ಸ್ನಾನಕ್ಕೆ, ಅಡುಗೆಗೆ ಅಂತ 80 ಲೀಟರ್ ನೀರು ತುಂಬಿಸಿಕೊಂಡಿದ್ದೆವು. ಎಂಜಿನ್ ಮಾತ್ರ ನೀರಿಲ್ಲದೆ ಸತ್ತಿತ್ತು.

ಗಾಡಿಯನ್ನು ಶಿವಮೊಗ್ಗಕ್ಕೆ ಎಳೆಸಿಕೊಂಡು ಬಂದೆವು. ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿ, ಲೇಥಿಗೆ ಕಳಿಸಿ, ಮಟ್ಟಸವಾಗುವಂತೆ ಫೇಸಿಂಗ್ ಮಾಡಿಸಿ, ಅದರ ಕೆಳಗೆ ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿಸಬೇಕಾಯಿತು. "ಮುಳ್ಳು ಕೆಳಗೇ ಇತ್ತಲ್ಲ ಮೇಸ್ತ್ರಿ" ಎಂದೆ, ದೂರು ಹೇಳುವವನ ಹಾಗೆ. ಅವರು ಕೈ ಒರೆಸಿಕೊಳ್ಳುತ್ತಾ ಅಂದರು: "ನೀರು ಇದ್ರೆ ತಾನೆ ಸಾರ್, ಅದು ಬಿಸಿ ತೋರ್ಸೋದು?"

ಆ ಮುಳ್ಳು ಎಂಜಿನ್ನಿನ ಬಿಸಿಯನ್ನು ಅಳೆಯುವುದಿಲ್ಲ, ನೀರಿನ ಬಿಸಿಯನ್ನು ಅಳೆಯುತ್ತದೆ. ಅದರ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರುತ್ತದೆ. ಕೂಲೆಂಟ್ ಸೋರಿ ಹೋದರೆ ಸೆನ್ಸರ್ ಸುತ್ತ ಉಳಿಯುವುದು ಗಾಳಿ ಮತ್ತು ಹಬೆ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಹೀರುವ ಶಾಖ, ಒಂದು ಲೀಟರ್ ಗಾಳಿ ಹೀರುವುದಕ್ಕಿಂತ ಮೂರು ಸಾವಿರ ಪಟ್ಟಿಗೂ ಜಾಸ್ತಿ. ಹಾಗಾಗಿ ಪಕ್ಕದಲ್ಲೇ ಹೆಡ್ ಕಾದು ಕೆಂಡವಾಗುತ್ತಿದ್ದರೂ ಗಾಳಿಯಲ್ಲಿ ನೇತಾಡುವ ಸೆನ್ಸರಿಗೆ ಆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಇದು ಸಾಲದು ಅಂತ, ಎಷ್ಟೋ ಗಾಡಿಗಳಲ್ಲಿ ಮುಳ್ಳು ಸುಮಾರು 80ರಿಂದ 100 ಡಿಗ್ರಿ ತನಕ ನಟ್ಟನಡುವೆ ಅಲ್ಲಾಡದೆ ನಿಲ್ಲುವ ಹಾಗೆ ಮಾಡಿರುತ್ತಾರೆ. ಓಡಿಸುವವರು ಸುಮ್ನೆ ಗಾಬರಿಯಾಗದಿರಲಿ ಅಂತ. ನನ್ನ ಕೇಳಿದರೆ ಸ್ವಲ್ಪ ಗಾಬರಿಯಾಗುವುದೇ ವಾಸಿ.

ನೀರಿಲ್ಲದ ಎಂಜಿನ್ ಇಷ್ಟು ಬೇಗ ಯಾಕೆ ಕೆಡುತ್ತದೆ? ನಾವು ಹಾಕುವ ಡೀಸೆಲ್‌ನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರದ ಕೆಲಸಕ್ಕೆ ಬರುತ್ತದೆ. ಹೆಚ್ಚುಕಮ್ಮಿ ಅಷ್ಟೇ ಶಾಖ ಸೈಲೆನ್ಸರಿನಲ್ಲಿ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಹೊರಬೇಕಾದದ್ದು ಕೂಲೆಂಟ್. ಅದು ನಿಂತರೆ ಶಾಖ ಲೋಹದಲ್ಲೇ ಕೂರುತ್ತದೆ. ಬಹಳ ಎಂಜಿನ್‌ಗಳಲ್ಲಿ ಹೆಡ್ ಅಲ್ಯೂಮಿನಿಯಂ, ಕೆಳಗಿನ ಬ್ಲಾಕ್ ಎರಕದ ಕಬ್ಬಿಣ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಬೋಲ್ಟುಗಳು ಹಿಗ್ಗಲು ಬಿಡುವುದಿಲ್ಲ. ಹೆಡ್ ಡೊಂಕಾಗುತ್ತದೆ, ಮಧ್ಯದ ಗ್ಯಾಸ್ಕೆಟ್ ಹೋಗುತ್ತದೆ. ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಜಿಡ್ಡು ದಪ್ಪಗೆ ಕಂಡರೆ, ಆಯಿಲ್ಲಿಗೆ ನೀರು ಸೇರಿದೆಯೇನೋ ಅಂತ ಅನುಮಾನಪಡಬೇಕು.

ಮಲೆನಾಡಿನಲ್ಲಿ ಇನ್ನೊಂದು ತೊಂದರೆ ಇದೆ. ಬಯಲುಸೀಮೆಯಲ್ಲಿ ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ಹನಿ ಬಿದ್ದರೂ ಕಾಣುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಳವೇ ಒದ್ದೆ. ಕೂಲೆಂಟ್ ಸೋರಿದ್ದು, ಮಳೆ ನೀರು ತೊಟ್ಟಿಕ್ಕಿದ್ದು ಎಲ್ಲ ಒಂದೇ. ಮಳೆಗಾಲದಲ್ಲಿ ವ್ಯಾನನ್ನು ಕೊಟ್ಟಿಗೆ ಪಕ್ಕ ನಿಲ್ಲಿಸಿಟ್ಟರೆ ಇಲಿಗಳು ಬೆಚ್ಚಗಿನ ಬಾನೆಟ್ಟಿನೊಳಗೆ ಸಂಸಾರ ಹೂಡಿ ವೈರು, ಪೈಪು ಕಡಿಯುತ್ತವೆ. ಅಡಿಕೆ ಸುಲಿಯುವ ಕಾಲದಲ್ಲಿ ಸಿಪ್ಪೆಯ ನಾರು, ಮೊದಲ ಮಳೆಗೆ ಮಳೆಹುಳುಗಳ ರೆಕ್ಕೆ, ಬೇಸಿಗೆಯಲ್ಲಿ ಕೆಂಪು ಧೂಳು, ಕೂಲೆಂಟನ್ನು ತಣಿಸುವ ರೇಡಿಯೇಟರಿನ ಸಂದುಗಳಲ್ಲಿ ಸೇರಿ ಗಾಳಿಯಾಡದಂತೆ ಮಾಡುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ ಬರುವ ಹಾಗೆ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಪಂಪ್ ಹಿಡಿದರೆ ತೆಳ್ಳನೆಯ ಹಾಳೆಗಳು ಮಡಚಿಕೊಳ್ಳುತ್ತವೆ.

ಒಳಗೆ ಏನು ಹಾಕಬೇಕು ಅನ್ನುವ ವಿಷಯದಲ್ಲಿ ನಮ್ಮವರು ಧಾರಾಳಿಗಳು. ಹಳ್ಳದ ನೀರು, ಬೋರಿನ ನೀರು, ಎಲ್ಲವೂ ಆಗುತ್ತದೆ. ಬಚ್ಚಲು ಮನೆಯ ಹಂಡೆಯೊಳಗೆ ಕಾಲಕಾಲಕ್ಕೆ ಕಟ್ಟುವ ಪದರ ನೋಡಿದ್ದೀರಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ಹಂಡೆಯನ್ನಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು, ಕೊಳವೆಯನ್ನು ಹೇಗೆ ತಿಕ್ಕುತ್ತೀರಿ? ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸುವುದೇ ಸರಿ. ಕೂಲೆಂಟ್ ಅಂದರೆ ನೀರು ಹೆಪ್ಪುಗಟ್ಟದಂತೆ ತಡೆಯುವ ಆಂಟಿಫ್ರೀಜ್ ತಾನೆ, ಹಿಮ ಬೀಳದ ನಮ್ಮೂರಿಗೆ ಅದು ಯಾಕೆ ಅಂತ ಕೇಳುವವರಿದ್ದಾರೆ. ನಮಗೆ ಬೇಕಾದದ್ದು ಅದರಲ್ಲಿರುವ ತುಕ್ಕು ತಡೆಯುವ ಮದ್ದು. ಆ ಮದ್ದು ಎರಡು ಮೂರು ವರ್ಷಕ್ಕೋ ಐದಕ್ಕೋ ತೀರುತ್ತದೆ, ನಿಮ್ಮ ಗಾಡಿಯ ಪುಸ್ತಕದಲ್ಲಿ ಲೆಕ್ಕ ಇರುತ್ತದೆ. ಬಣ್ಣ ನೋಡಿ ಒಂದಕ್ಕೊಂದು ಬೆರೆಸಬೇಡಿ, ಬಣ್ಣಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ಅಂತಿಲ್ಲ. ಬದಲಾಯಿಸುವಾಗ ವ್ಯಾನಿನ ಮೂತಿಯನ್ನು ಏರಿನ ಕಡೆ ಮಾಡಿ ನಿಲ್ಲಿಸಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಸುಲಭವಾಗಿ ಹೊರಗೆ ಬರುತ್ತದೆ. ಏರಿಗೇನು ನಮ್ಮಲ್ಲಿ ಬರವಿಲ್ಲ. ಹಳೆಯ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ವಿಷವೂ ಹೌದು. ನಾಯಿ, ಕರು ನೆಕ್ಕಿದರೆ ಜೀವ ಹೋಗಬಹುದು.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಬರೀ ಮುಚ್ಚಳವಲ್ಲ, ಒತ್ತಡ ಹಿಡಿಯುವ ವಾಲ್ವ್. 0.9 ಬಾರ್ ಎಂದು ಬರೆದ ಮುಚ್ಚಳ ಸರಿಯಾಗಿದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿ ತನಕ ಕುದಿಯುವುದಿಲ್ಲ. ರಬ್ಬರ್ ಸೆಟೆದುಕೊಂಡರೆ ನೂರರ ಆಸುಪಾಸಿನಲ್ಲೇ ಕುದಿಯಲು ಶುರು. ಬಿಸಿ ಇರುವಾಗ ಈ ಮುಚ್ಚಳ ತೆಗೆಯಬಾರದು ಅನ್ನುವುದೂ ಇದಕ್ಕೇ. ಒತ್ತಡ ಇಳಿದ ಕ್ಷಣ ಒಳಗಿನದೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಎರಚುತ್ತದೆ.

ಈಗ ಕೂಲೆಂಟ್ ಕಮ್ಮಿಯಾದರೆ ಕೂಗಿ ಎಚ್ಚರಿಸುವ ಅಲಾರಂ ವಿಷಯ. ಬಿಸಿ ಏರುವ ಮುಂಚೆ ನೀರು ಇಳಿಯುತ್ತದೆ ಅಂತಾದರೆ, ಕಾಯಬೇಕಾದದ್ದು ನೀರಿನ ಮಟ್ಟವನ್ನು. ಒಂದು ಬಗೆಯಲ್ಲಿ ಸಣ್ಣ ತೇಲುಬಿರಡೆ ಇರುತ್ತದೆ, ಅದರಲ್ಲೊಂದು ಅಯಸ್ಕಾಂತ. ನೀರು ಇಳಿದರೆ ಬಿರಡೆಯೂ ಇಳಿದು, ಆ ಅಯಸ್ಕಾಂತ ಸ್ವಿಚ್ಚನ್ನು ಚಾಲೂ ಮಾಡುತ್ತದೆ. ಇನ್ನೊಂದರಲ್ಲಿ ಕೂಲೆಂಟಿಗೆ ಇಳಿಬಿಟ್ಟ ಸ್ಟೀಲ್ ಕಡ್ಡಿ. ಕೂಲೆಂಟ್ ವಿದ್ಯುತ್ ಹರಿಸುತ್ತದೆ, ಕಡ್ಡಿಯ ತುದಿ ಗಾಳಿಗೆ ಬಂದರೆ ಹರಿವು ಕಡಿದು ಬಜರ್ ಕೂಗುತ್ತದೆ. ನಾನು ಹಾಕಿಸಿದ್ದು ಇದು, ಅಲ್ಲಾಡುವ ಭಾಗವಿಲ್ಲ ಅಂತ. ಒಳ್ಳೆಯ ಕಿಟ್‌ಗಳು ಕಡ್ಡಿಗೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್ ಕೊಡುತ್ತವೆ. ಒಂದೇ ದಿಕ್ಕಿನಲ್ಲಿ ಹರಿದರೆ ಕಡ್ಡಿ ಬೇಗ ಸವೆಯುತ್ತದೆ. ಬರೀ ಡಿಸ್ಟಿಲ್ಡ್ ವಾಟರ್ ತುಂಬಿಸಿದರೆ ಇದು ಸುಮ್ಮಸುಮ್ಮನೆ ಕೂಗಬಹುದು, ಯಾಕೆಂದರೆ ಶುದ್ಧ ನೀರಿನಲ್ಲಿ ಕರೆಂಟ್ ಹರಿಯುವುದೇ ಕಷ್ಟ.

ಕಡ್ಡಿಯನ್ನು ಎಲ್ಲಿ ಇಡಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುವುದು. ನಾನೂ ಮೊದಲು ರೇಡಿಯೇಟರಿಗೆ ಜೋಡಿಸಿದ ಪ್ಲಾಸ್ಟಿಕ್ ಬಾಟಲಿಗೇ ಹಾಕಿ ಅಂದಿದ್ದೆ. ಮೇಸ್ತ್ರಿ ಬೇಡ ಅಂದರು. ಒತ್ತಡದ ಮುಚ್ಚಳ ರೇಡಿಯೇಟರಿನ ಮೇಲೇ ಇದ್ದು, ಬಾಟಲಿಗೆ ಸುಮ್ನೆ ಒಂದು ಪ್ಲಾಸ್ಟಿಕ್ ಮುಚ್ಚಳವಿದ್ದರೆ, ಆ ಬಾಟಲಿ ಬರೀ ಉಕ್ಕಿದ್ದನ್ನು ಹಿಡಿಯುವ ಪಾತ್ರೆ. ಎಂಜಿನ್ ತಣಿಯುವಾಗ ರೇಡಿಯೇಟರ್ ಅದರಿಂದ ವಾಪಸ್ ಹೀರಿಕೊಳ್ಳಬೇಕು. ಪೈಪ್ ಎಲ್ಲೋ ಸೋರುತ್ತಿದ್ದರೆ ಆ ಸಂದಿನಿಂದ ಗಾಳಿಯನ್ನೇ ಹೀರುತ್ತದೆ. ರೇಡಿಯೇಟರ್ ಬರಿದಾದರೂ ಬಾಟಲಿ ತುಂಬಿಯೇ ಇರುತ್ತದೆ. ಅಂಥ ಗಾಡಿಗಳಲ್ಲಿ ಕಡ್ಡಿ ರೇಡಿಯೇಟರಿನ ಮೇಲ್ಭಾಗದಲ್ಲೋ, ಮೇಲಿನ ಹೋಸ್ ಪೈಪಿನ ಮಧ್ಯೆ ಜೋಡಿಸುವ ಲೋಹದ ತುಂಡಿನಲ್ಲೋ ಇರಬೇಕು. ರೇಡಿಯೇಟರಿಗೆ ಮುಚ್ಚಳವೇ ಇಲ್ಲದೆ, ಬಾಟಲಿಯ ಬದಲಿಗಿರುವ ಟ್ಯಾಂಕಿಗೇ ಒತ್ತಡ ಹಿಡಿಯುವ ತಿರುಪಿನ ಗಟ್ಟಿ ಮುಚ್ಚಳವಿದ್ದರೆ ಮಾತ್ರ ಟ್ಯಾಂಕಿನಲ್ಲಿ ಹಾಕಬಹುದು.

ಘಾಟಿ ರಸ್ತೆಗೆ ಇನ್ನೊಂದು ಬೇಕು. ಪ್ರತಿ ತಿರುವಿಗೂ ಕೂಲೆಂಟ್ ಒಂದು ಕಡೆ ವಾಲುತ್ತದೆ. ತಕ್ಷಣ ಕೂಗುವ ಅಲಾರಂ ಆದರೆ 14 ತಿರುವಿಗೆ 14 ಸಲ ಕೂಗಿ, ಹದಿನೈದನೇ ಸಲ ನಾವೇ ವೈರ್ ಕಿತ್ತೆಸೆಯುತ್ತೇವೆ. ಕಡ್ಡಿ ಕೆಲವು ಸೆಕೆಂಡ್ ಬಿಡದೆ ಒಣಗಿದ್ದರೆ ಮಾತ್ರ ಕೂಗುವಂಥದ್ದನ್ನು ಕೇಳಿ ತೊಗೊಳ್ಳಿ. ಕರೆಂಟನ್ನು ಹಿಂದಿನ ಫ್ಯಾನು, ದೀಪದ ಬ್ಯಾಟರಿಯಿಂದ ಎಳೆಯಬೇಡಿ. ಕೀ ತಿರುಗಿಸಿದಾಗ ಬರುವ ಲೈನಿನಿಂದ, ಫ್ಯೂಸ್ ಹಾಕಿ ತೆಗೆಯಿರಿ. ಜೊತೆಗೆ ಹೆಡ್ಡಿನ ಬೋಲ್ಟ್ ಒಂದರ ಕೆಳಗೆ ಕೂರುವ ಸೆನ್ಸರ್ ಇದ್ದರೆ ಇನ್ನೂ ಒಳ್ಳೆಯದು. ಅದು ನೀರನ್ನು ನಂಬಿಕೊಂಡಿಲ್ಲ, ಲೋಹದ ಬಿಸಿಯನ್ನೇ ಓದುತ್ತದೆ. ಮಳೆಗಾಲದ ಮುಂಚೆ ಒಮ್ಮೆ, ಎಂಜಿನ್ ತಣ್ಣಗಿರುವಾಗ ಕಡ್ಡಿಯನ್ನು ಹೊರಗೆ ತೆಗೆದು ಬಜರ್ ಕೂಗುತ್ತಾ ನೋಡುತ್ತೇನೆ.

ಹೋದ ಆಗಸ್ಟ್‌ನಲ್ಲಿ ಹುಲಿಕಲ್ ಘಾಟಿ ಹತ್ತುವಾಗ ಅದು ಕೂಗಿತು. ಜಡಿಮಳೆ. ಅಗಲ ಇದ್ದ ಕಡೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಮುಕ್ಕಾಲು ಗಂಟೆ ಏನೂ ಮಾಡದೆ ಕೂತೆವು. ಕಾದ ಎಂಜಿನ್‌ಗೆ ತಣ್ಣೀರು ಹೊಯ್ದರೆ ಲೋಹ ಬಿರುಕು ಬಿಡಬಹುದು ಅಂತ ಭಾವನಿಗೂ ಈಗ ಗೊತ್ತು, ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ ಕೊಟ್ಟರು. ಆಮೇಲೆ ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದೆ. ಮುಕ್ಕಾಲು ಲೀಟರ್ ಹಿಡಿಯಿತು. ಕೆಳಗಿನ ಪೈಪಿನಲ್ಲಿ ಇಲಿ ಹಲ್ಲಿನ ಗುರುತು ಇತ್ತು, ರಬ್ಬರ್ ಟೇಪ್ ಸುತ್ತಿದೆ. ಹೊರಡಲು ಕೀ ತಿರುಗಿಸಿದಾಗ ಭಾವ ಡ್ಯಾಶ್‌ಬೋರ್ಡಿನ ಕಡೆ ಬೆರಳು ಮಾಡಿ ನಕ್ಕರು. "ಬಜರ್ ಕೂಗ್ತಿದ್ದಾಗಲೂ ಇದು ಇಲ್ಲೇ ಇತ್ತು ಮಾರಾಯ." ಮುಳ್ಳು ನಟ್ಟನಡುವೆ ನಿಂತಿತ್ತು.