ಪಿಕಪ್ಪಿನ ಕ್ಲಚ್ ಸವೆಯೋದು ಯಾವಾಗ?

ಗಂಗಾವತಿ, ಕಾರಟಗಿ ಕಡೆ ಭತ್ತದ ಸುಗ್ಗಿಯಲ್ಲಿ ಇದು ಎಲ್ಲರೂ ನೋಡಿರುವ ಸಂಗತಿ. ಎರೆ ಹೊಲದಿಂದ ಚೀಲ ಹೇರಿಕೊಂಡು ಬಂದ ಹಳೆ ಪಿಕಪ್ ಕಾಲುವೆ ಏರಿ ಹತ್ತಬೇಕು. ಇಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಜಗ್ಗುವುದಿಲ್ಲ. ಜೊತೆಗೆ ಮೂಗಿಗೆ ಹೊಡೆಯುವ ಸುಟ್ಟ ವಾಸನೆ. ದಂಡೆಯ ಮೇಲೆ ನಿಂತವರು ಆಗಲೇ ತೀರ್ಪು ಕೊಟ್ಟಿರುತ್ತಾರೆ: “ಕ್ಲಚ್ ಹೋತ್ ನೋಡ್ರಿ.”

ಹೋಗಿದ್ದೇಕೆ? ಗಾಡಿ ಹಳೆಯದಾಯಿತು, ಬಹಳ ಓಡಿತು ಅಂತ ಹೇಳಿ ಮುಗಿಸುವವರೇ ಜಾಸ್ತಿ. ಆದರೆ ಇಂಜಿನ್ನಿನ ತಿರುಗಾಟವನ್ನು ಗೇರ್ ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ರಸ್ತೆಯಲ್ಲಿ ಓಡುವಾಗ ಸವೆಯುವುದೇ ಇಲ್ಲ ಅನ್ನಬಹುದು. ಫ್ಲೈವ್ಹೀಲ್ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರ) ಮತ್ತು ಪ್ರೆಶರ್ ಪ್ಲೇಟ್ (ಸ್ಪ್ರಿಂಗ್ ಬಲದಿಂದ ಒತ್ತುವ ತಟ್ಟೆ) ನಡುವೆ ಬಿಗಿಯಾಗಿ ಸಿಕ್ಕಿಕೊಂಡು ಮೂರೂ ಒಟ್ಟಿಗೇ ತಿರುಗುತ್ತವೆ. ಉಜ್ಜಾಟವೇ ಇಲ್ಲದ ಮೇಲೆ ಸವೆತ ಎಲ್ಲಿಂದ ಬರಬೇಕು? ಸವೆಯುವುದು ಗಾಡಿ ಹೊರಡುವ ಆ ಒಂದೆರಡು ಸೆಕೆಂಡಿನಲ್ಲಿ.

ಡೀಸೆಲ್ ಇಂಜಿನ್ ನಿಂತ ಜಾಗದಿಂದ ಎಳೆಯಲಾರದು. ಅದು ನಿಮಿಷಕ್ಕೆ 700–800 ಸುತ್ತಾದರೂ ತಿರುಗುತ್ತಿರಬೇಕು. ಗಾಲಿಗಳೋ ನಿಂತಿವೆ. ತಿರುಗುವುದನ್ನೂ ನಿಂತದ್ದನ್ನೂ ಜೋಡಿಸಬೇಕೆಂದರೆ ಸ್ವಲ್ಪ ಹೊತ್ತು ಪ್ಲೇಟ್ ಜಾರಲೇಬೇಕು. ಆ ಜಾರಾಟವೆಲ್ಲ ಬಿಸಿಯಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಹೊರಡುವಾಗ ಗಾಡಿಗೆ ಎಷ್ಟು ಚಲನಶಕ್ತಿ ಸಿಗುತ್ತದೋ ಸರಿಸುಮಾರು ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗಿ ಹೋಗುತ್ತದೆ. ಎಷ್ಟೇ ನಾಜೂಕಾಗಿ ಪೆಡಲ್ ಬಿಟ್ಟರೂ ಈ ಬಾಕಿ ತಪ್ಪುವುದಿಲ್ಲ.

ಲೋಡ್ ಸೇರಿ ಎರಡೂವರೆ ಟನ್ ತೂಗುವ ಪಿಕಪ್ ಫಸ್ಟ್ ಗೇರಿನಲ್ಲಿ ಹೊರಟಿತು ಅನ್ನಿ. ಗಂಟೆಗೆ 10 ಕಿ.ಮೀ. ವೇಗಕ್ಕೆ ಕ್ಲಚ್ ಪೂರ್ತಿ ಹಿಡಿಯುತ್ತದೆ. ಹುಟ್ಟಿದ ಶಾಖ ಸುಮಾರು 10 ಕಿಲೋಜೂಲ್. ಅದೇ ಗಾಡಿಯನ್ನು ಸೆಕೆಂಡ್ ಗೇರಿನಲ್ಲಿ ಎತ್ತಿದರೆ ಹಿಡಿಯುವ ಹೊತ್ತಿಗೆ ವೇಗ 17ರ ಆಸುಪಾಸು ಇರುತ್ತದೆ. ಶಕ್ತಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ, ಅಲ್ವಾ? ಹಾಗಾಗಿ ಶಾಖ ಹೆಚ್ಚುಕಡಿಮೆ ಮೂರು ಪಟ್ಟು! “ಲೋಡ್ ಇದ್ದಾಗ ಸೆಕೆಂಡ್‌ನ್ಯಾಗ ಎತ್ತಬ್ಯಾಡ್ರೀ ಅಣ್ಣಾ” ಅನ್ನುವ ಮೇಸ್ತ್ರಿ ಸುಮ್ನೆ ಬೈಯುತ್ತಿಲ್ಲ. ಎರೆ ಮಣ್ಣಲ್ಲಿ ಹೂತಾಗಿನ ಕಥೆ ಇನ್ನೂ ಕೆಟ್ಟದು. ಗಾಲಿ ಅಲುಗುತ್ತಿಲ್ಲ, ಇಂಜಿನ್ 1500 ಸುತ್ತು ತಿರುಗುತ್ತಿದೆ, ಪೆಡಲ್ ಅರ್ಧ ಒತ್ತಿದ ಹಾಫ್ ಕ್ಲಚ್ಚಿನಲ್ಲಿ 100 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಹೋಗುತ್ತಿದೆ ಅಂದರೆ ಅಲ್ಲಿ 15 ಕಿಲೋವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ಬಕೆಟ್ಟಿನಲ್ಲಿ ನೀರು ಕಾಯಿಸುವ 1500 ವ್ಯಾಟಿನ ಕಾಯಿಲ್ ಹತ್ತನ್ನು ಒಂದೇ ಡಬ್ಬಿಯಲ್ಲಿ ಹಾಕಿದ ಹಾಗೆ. ಆ ಡಬ್ಬಿಗೆ ಗಾಳಿ ಓಡಾಟವೂ ಕಮ್ಮಿ.

ಮನೆಯಂಗಳದಲ್ಲಿ ಗೇರ್ ಬಾಕ್ಸ್ ಇಳಿಸಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಬ್ಯಾಟರಿ ಮೈನಸ್ ಕಳಚಿ, ಗಾಲಿಗೆ ಅಡ್ಡ ಕೊಟ್ಟು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಿ, ಸೈಜುಗಲ್ಲು ಪೇರಿಸಿ ಕೆಳಗೆ ನುಗ್ಗುವುದು ಶುದ್ಧ ಹುಚ್ಚುತನ. ಗೇರ್ ಬಾಕ್ಸ್ ಇಳಿಸಲು ಇಬ್ಬರಾದರೂ ಬೇಕು.

ಬಿಚ್ಚಿದ ಮೇಲೆ ಫ್ಲೈವ್ಹೀಲಿನ ಮುಖ ನೋಡಿ. ಅಲ್ಲಲ್ಲಿ ನೀಲಿ ಮಚ್ಚೆ ಇದ್ದರೆ ಅಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿತ್ತು ಅಂತ ಅರ್ಥ. ಬಿಸಿಗೆ ಕಬ್ಬಿಣದ ಮೇಲೆ ತೆಳು ಆಕ್ಸೈಡ್ ಪದರ ಕಟ್ಟುತ್ತದೆ. ಪದರದ ದಪ್ಪಕ್ಕೆ ತಕ್ಕಂತೆ ಬಣ್ಣ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ನೇರಳೆ, ಆಮೇಲೆ ನೀಲಿ. ಕೂದಲೆಳೆಯಂಥ ಬಿರುಕೂ ಕಾಣಬಹುದು. ಪ್ಲೇಟಿನ ಲೈನಿಂಗ್ (ಉಜ್ಜುವ ಪದರ) ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಅದರ ಪುಡಿಯನ್ನೂ ನಾರನ್ನೂ ಹಿಡಿದಿಟ್ಟಿದ್ದ ರಾಳ ಸುಟ್ಟಿದೆ. ಏರಿಯ ಮೇಲೆ ಬಂದ ವಾಸನೆ ಅದೇ. ಹೌಸಿಂಗ್ (ಕ್ಲಚ್ಚಿನ ಹೊರಕವಚ) ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆ ಲೈನಿಂಗುಗಳಲ್ಲಿ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ಲೇಟ್ ಅಗಲವಾದಷ್ಟೂ ಹಿಡಿತ ಜಾಸ್ತಿ ಅಂತ ಅನಿಸುವುದು ಸಹಜ. ಘರ್ಷಣೆ ಹಾಗೆ ನಡೆಯುವುದಿಲ್ಲ. ಫ್ರಾನ್ಸಿನ ವಿಜ್ಞಾನಿ ಗಿಯೋಮ್ ಅಮೊಂಟೊನ್ 1699ರಲ್ಲೇ ಹೇಳಿದಂತೆ ಅದು ಒತ್ತುವ ಬಲವನ್ನು ನೆಚ್ಚಿದೆ, ತಾಗಿದ ಜಾಗದ ವಿಸ್ತೀರ್ಣವನ್ನಲ್ಲ. ದೊಡ್ಡ ಪ್ಲೇಟಿನ ಲಾಭ ಬೇರೆ: ಬಲ ಕೇಂದ್ರದಿಂದ ದೂರದಲ್ಲಿ ಬೀಳುತ್ತದೆ, ಶಾಖವೂ ಹರಡಿಕೊಳ್ಳುತ್ತದೆ. ಸ್ಪ್ರಿಂಗ್ 5000 ನ್ಯೂಟನ್ ಬಲದಿಂದ ಒತ್ತುತ್ತಿದೆ, ಸರಾಸರಿ ತ್ರಿಜ್ಯ 10 ಸೆಂ.ಮೀ., ಘರ್ಷಣಾಂಕ (ಮುಖಗಳ ಹಿಡಿತದ ಅಳತೆ) 0.3 ಅಂತ ಇಟ್ಟುಕೊಳ್ಳಿ. ಎರಡೂ ಮುಖ ಸೇರಿ 300 ನ್ಯೂಟನ್ ಮೀಟರ್ ತಡೆಯುತ್ತವೆ. ಇಂಜಿನ್ ಕೊಡುವುದು 200 ಆದರೆ ಧಾರಾಳ ಸಾಕು. ಈಗ ಇಂಜಿನ್ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಆಯಿಲ್ ತಾಗಿತು. ಘರ್ಷಣಾಂಕ 0.1ಕ್ಕೆ ಇಳಿದರೆ ತಡೆಯುವುದು ಬರೀ 100. ಹೊಸ ಪ್ಲೇಟೂ ಜಾರುತ್ತದೆ. ಅದಕ್ಕೇ ಗೇರ್ ಬಾಕ್ಸ್ ಇಳಿದಿರುವಾಗಲೇ ಸೀಲ್ ಬದಲಿಸಿಬಿಡಿ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಕೂಡ. ಅದನ್ನು ಉಳಿಸಲು ಹೋಗಿ ಮತ್ತೆ ಇಡೀ ಕೆಲಸ ಮಾಡಿದವರು ಊರಿಗೊಬ್ಬರಾದರೂ ಸಿಗುತ್ತಾರೆ.

ಕೂರಿಸುವಾಗ ಪ್ಲೇಟಿನ ಸ್ಪ್ರಿಂಗ್ ಇರುವ ಉಬ್ಬು ಭಾಗ ಸಾಮಾನ್ಯವಾಗಿ ಗೇರ್ ಬಾಕ್ಸ್ ಕಡೆಗಿರುತ್ತದೆ. ಪ್ಲೇಟಿನ ಮೇಲೂ ಗುರುತಿರುತ್ತದೆ, ನೋಡಿಕೊಳ್ಳಿ. ಡಮ್ಮಿ ಶಾಫ್ಟ್ (ಗೇರ್ ಬಾಕ್ಸ್ ಶಾಫ್ಟಿನ ಅಳತೆಯ ಕಡ್ಡಿ) ತೂರಿಸಿ ಪ್ಲೇಟನ್ನು ಸೆಂಟರ್ ಮಾಡದಿದ್ದರೆ ಗೇರ್ ಬಾಕ್ಸ್ ಒಳಗೇ ಹೋಗುವುದಿಲ್ಲ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಎಳೆದರೆ ಕವರ್ ಸೊಟ್ಟಗಾಗಿ ಗಾಡಿ ಹೊರಡುವಾಗ ನಡುಗುತ್ತದೆ. ಸ್ಪ್ಲೈನಿಗೆ (ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಗಳಿಗೆ) ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಜಾಸ್ತಿಯಾದದ್ದು ಹಾರಿ ಲೈನಿಂಗಿಗೇ ತಾಗುತ್ತದೆ.

ಹೊಸ ಪ್ಲೇಟ್ ಹಾಕಿದ ಕೂಡಲೇ ಪೂರ್ತಿ ಲೋಡ್ ಹೇರಬೇಡಿ. ಎರಡು ಮುಖಗಳು ಮೊದಮೊದಲು ತಾಗುವುದು ಅಲ್ಲಲ್ಲಿನ ಉಬ್ಬುಗಳಲ್ಲಿ ಮಾತ್ರ. ಶಾಖವೆಲ್ಲ ಆ ಚುಕ್ಕೆಗಳಲ್ಲೇ ಸೇರುತ್ತದೆ. ಕೆಲವು ನೂರು ಕಿ.ಮೀ. ಹಗುರವಾಗಿ ಓಡಿಸಿದರೆ ಉಬ್ಬು ಸವೆದು ಇಡೀ ಮುಖ ತಾಗತೊಡಗುತ್ತದೆ. ಆಮೇಲೆ ಚೀಲ ಹೇರಿ, ಫಸ್ಟ್ ಗೇರಿನಲ್ಲೇ ಎತ್ತಿ.