ಸವಕಳಿ: ಕಾರಿನ ಬೆಲೆ ಇಳಿಯುತ್ತೆ, ಬಿಡಿಭಾಗದ ಬೆಲೆ ಇಳಿಯಲ್ಲ

ಸವಕಲು ಚಪ್ಪಲಿ ಅಂತೀವಲ್ವಾ, ಸವಕಳಿ ಕೂಡ ಅದೇ ಬೇರಿನಿಂದ ಬಂದ ಮಾತು. ಸವೆಯುವುದು ಅಂದರೆ ತಿಕ್ಕಿ ತಿಕ್ಕಿ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುವುದು. ಶಾಲೆಯಲ್ಲಿ ಮಣ್ಣಿನ ಸವಕಳಿ ಓದಿದ್ದೇವೆ. ಕಾಮರ್ಸ್ ಓದಿದವರಿಗೆ ಸವಕಳಿ ಅಂದ ಕೂಡಲೇ ಡಿಪ್ರಿಸಿಯೇಶನ್ ನೆನಪಾಗುತ್ತದೆ, ಅಂದರೆ ಯಂತ್ರದ ಬೆಲೆಯಲ್ಲಿ ವರ್ಷ ವರ್ಷ ಕಳೆಯುತ್ತಾ ಬರುವ ಮೊತ್ತ. ಹೀಗೆ ಒಂದೇ ಪದಕ್ಕೆ ಎರಡು ಅರ್ಥ. ವಸ್ತು ಸವೆಯುವುದೂ ಸವಕಳಿ, ಅದರ ಬೆಲೆ ಸವೆಯುವುದೂ ಸವಕಳಿ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ಲಕ್ಷುರಿ ಕಾರಿಗೆ ಯಾಕೆ ಅಷ್ಟು ಖರ್ಚು ಬರುತ್ತದೆ ಅನ್ನುವುದು ಚೆನ್ನಾಗಿ ಅರ್ಥವಾಗುತ್ತದೆ.

ಇದನ್ನು ಬರೆಯೋಕೆ ಕಾರಣ ನಮ್ಮ ದೊಡ್ಡಪ್ಪನ ಮಗ. ದಾವಣಗೆರೆಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಹೋದ ತಿಂಗಳು ಫೋನ್ ಮಾಡಿ, "ತಮ್ಮಾ, ಏಳು ವರ್ಷದ ಜರ್ಮನ್ ಡೀಸೆಲ್ ಗಾಡಿ ಐತಿ, ಅರವತ್ತು ಲಕ್ಷದ್ದು ಹದಿನೈದಕ್ಕೆ ಕೊಡ್ತೀನಿ ಅಂತಾರೆ, ತಗೊಳ್ಳಲಾ?" ಅಂತ ಕೇಳಿದ. ನಾನು ಕೆಲವು ವರ್ಷ ವಾಹನ ವಿಮೆಯ ಕ್ಲೇಮ್ ಫೈಲು ನೋಡುವ ಕೆಲಸ ಮಾಡಿದ್ದೇನೆ, ಅದಕ್ಕೇ ನನ್ನನ್ನು ಕೇಳಿದ್ದು. ಹದಿನೈದು ಲಕ್ಷಕ್ಕೆ ಈಗ ಹೊಸದೊಂದು ಸಾಧಾರಣ ಎಸ್‌ಯುವಿ ಬರುತ್ತದೆ. ಅದೇ ದುಡ್ಡಿಗೆ ಇಂಥ ಗಾಡಿ ಅಂದರೆ ಯಾರಿಗಾದರೂ ಆಸೆ ಆಗುತ್ತದೆ.

ಮೊದಲು ಬೆಲೆಯ ಸವಕಳಿ. ವಿಮೆಯವರಿಗೆ ಇದಕ್ಕೊಂದು ಪಟ್ಟಿಯೇ ಇದೆ. ಗಾಡಿ ತಗೊಂಡು 6 ತಿಂಗಳೊಳಗೆ 5%, ಒಂದು ವರ್ಷದೊಳಗೆ 15%, ಎರಡು ವರ್ಷಕ್ಕೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50% ಕಳೆಯುತ್ತಾರೆ. ಐದು ವರ್ಷ ದಾಟಿದ ಮೇಲೆ ವಿಮೆಯವರೂ ಮಾಲೀಕರೂ ಮಾತಾಡಿಕೊಂಡು ಬೆಲೆ ಗೊತ್ತು ಮಾಡಬೇಕು. ಈ ಪಟ್ಟಿ ಸಣ್ಣ ಕಾರಿಗೂ ಒಂದೇ, ದೊಡ್ಡ ಕಾರಿಗೂ ಒಂದೇ. ಸಂತೆ ಹಾಗಲ್ಲ. ವಾರಂಟಿ ಮುಗಿಯೋ ಹೊತ್ತಿಗೆ ಮೊದಲ ಮಾಲೀಕ ಹೊಸ ಮಾಡೆಲ್ ಕಡೆ ನೋಡುತ್ತಾನೆ, ಹಳೆಯದನ್ನು ಮಾರೋಕೆ ಇಡುತ್ತಾನೆ. ಕೊಳ್ಳೋಕೆ ಬರುವವನಿಗೆ ರಿಪೇರಿಯ ಭಯ. ಆ ಭಯಕ್ಕೇ ಬೆಲೆ ಇನ್ನಷ್ಟು ಕೆಳಗೆ ಬರುತ್ತದೆ. ಅಂದರೆ ನಮ್ಮಣ್ಣನಿಗೆ ಲಾಭ ಅಂತ ಕಂಡ ಆ ನಲವತ್ತೈದು ಲಕ್ಷದಲ್ಲಿ ಒಂದು ಪಾಲು, ಮುಂದೆ ಬರುವ ಖರ್ಚನ್ನು ಸಂತೆ ಮೊದಲೇ ಲೆಕ್ಕ ಹಾಕಿ ಕಳೆದಿರುವ ದುಡ್ಡು.

ಇನ್ನು ವಸ್ತುವಿನ ಸವಕಳಿ. ಗಾಡಿಯ ಬೆಲೆ ಹದಿನೈದಕ್ಕೆ ಇಳಿದರೂ ಅದರ ಹೆಡ್‌ಲೈಟಿನ ಬೆಲೆ ಅರವತ್ತು ಲಕ್ಷದ ಗಾಡಿಯ ಹೆಡ್‌ಲೈಟಿನದ್ದೇ. ಬಿಡಿಭಾಗಕ್ಕೆ ಗಾಡಿಯ ವಯಸ್ಸು ಗೊತ್ತಿಲ್ಲ. ಮರ್ಸಿಡಿಸ್ ಪುಣೆ ಹತ್ತಿರದ ಚಾಕಣ್‌ನಲ್ಲಿ, ಬಿಎಂಡಬ್ಲ್ಯು ಚೆನ್ನೈ ಹತ್ತಿರ ಜೋಡಣೆ ಆಗುತ್ತವೆ ನಿಜ, ಆದರೆ ಎಷ್ಟೋ ಭಾಗಗಳು ಹೊರದೇಶದಿಂದ ಸುಂಕ ಕಟ್ಟಿಕೊಂಡೇ ಬರಬೇಕು. ಮಾರುತಿ ಕಾರು ವರ್ಷಕ್ಕೆ ಲಕ್ಷಗಟ್ಟಲೆ ಮಾರಾಟವಾಗುತ್ತದೆ, ಅದರ ಬ್ರೇಕ್ ಪ್ಯಾಡು ಊರಿನ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ, ನಾಲ್ಕು ಕಂಪನಿಯವರು ಪೈಪೋಟಿಯ ಮೇಲೆ ಮಾಡುತ್ತಾರೆ. ಕಡಿಮೆ ಮಾರಾಟವಾಗುವ ಗಾಡಿಗೆ ಆ ಅನುಕೂಲ ಇಲ್ಲ.

ಭಾಗಗಳೂ ಬೇರೆ ಥರದವು. ರಸ್ತೆಯ ಕುಲುಕಾಟ ತಡೆಯೋಕೆ ಸಾಧಾರಣ ಕಾರಿನ ಸಸ್ಪೆನ್ಷನ್‌ನಲ್ಲಿ ಉಕ್ಕಿನ ಸ್ಪ್ರಿಂಗ್ ಇರುತ್ತದೆ, ಹದಿನೈದು ವರ್ಷ ಬಂದರೂ ಆಶ್ಚರ್ಯ ಇಲ್ಲ. ದುಬಾರಿ ಗಾಡಿಗಳಲ್ಲಿ ಎಷ್ಟೋ ಕಡೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ, ಅದಕ್ಕೆ ಗಾಳಿ ಕೊಡೋಕೆ ಒಂದು ಕಂಪ್ರೆಸರ್. ಅದಕ್ಕೇ ಹಳ್ಳ ಬಿದ್ದ ರಸ್ತೆಯಲ್ಲೂ ಒಳಗೆ ಕೂತವರಿಗೆ ಗೊತ್ತಾಗಲ್ಲ. ಆದರೆ ರಬ್ಬರ್ ರಬ್ಬರೇ. ನಮ್ಮ ಬಿಸಿಲಿಗೆ, ಧೂಳಿಗೆ ಬಿರುಕು ಬಿಡುತ್ತದೆ. ಸಣ್ಣ ಬಿರುಕಿನಿಂದ ಗಾಳಿ ಸೋರುತ್ತಾ ಇದ್ದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಓಡಿ ಅದೂ ಸುಟ್ಟುಹೋಗುತ್ತದೆ. ಒಂದರ ಜೊತೆ ಎರಡು ಖರ್ಚು.

ಟೈರೂ ಹಾಗೇ. ರನ್-ಫ್ಲಾಟ್ ಟೈರು ಪಂಕ್ಚರ್ ಆದರೂ ಸುಮಾರು 80 ಕಿ.ಮೀ. ದೂರ ನಿಧಾನವಾಗಿ ಹೋಗಬಹುದು, ಒಳ್ಳೆಯ ಸೌಲಭ್ಯ, ಆದರೆ ಹಾಗೆ ಓಡಿಸಿದ ಟೈರನ್ನು ಸಾಮಾನ್ಯವಾಗಿ ಬದಲಾಯಿಸಲೇಬೇಕು. ಕೆಲವು ಗಾಡಿಗಳಲ್ಲಿ ಬ್ಯಾಟರಿ ಬದಲಾಯಿಸಿದರೂ ಕಂಪ್ಯೂಟರ್ ಹಚ್ಚಿ ಹೊಸ ಬ್ಯಾಟರಿ ಬಂದಿದೆ ಅಂತ ಗಾಡಿಗೆ ತಿಳಿಸಬೇಕು. ಹೆಡ್‌ಲೈಟಿನ ಬಲ್ಬು ಹೋಯಿತು ಅಂತ ಬಲ್ಬು ಮಾತ್ರ ಹಾಕೋ ಕಾಲ ಹೋಯಿತು, ಎಲ್‌ಇಡಿ ಆದರೆ ಎಷ್ಟೋ ಸಲ ಇಡೀ ಸೆಟ್ಟೇ ಬದಲು. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯುವ ಹಾಗೂ ಇಲ್ಲ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಾಳಾಗುತ್ತದೆ, ಫ್ಲಾಟ್‌ಬೆಡ್ ಲಾರಿಯೇ ಬಂದು ಗಾಡಿಯನ್ನು ಮೇಲೆ ಹೊತ್ತು ಒಯ್ಯಬೇಕು. ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಒಯ್ಯಬೇಕಾದರೆ ದಾವಣಗೆರೆಯಿಂದ ಸುಮಾರು 260 ಕಿ.ಮೀ., ಅದರ ಬಾಡಿಗೆ ನೀವೇ ಲೆಕ್ಕ ಹಾಕಿ.

ವಿಮೆ ಇದೆಯಲ್ಲ ಅನ್ನಬಹುದು. ಅಲ್ಲೂ ಸವಕಳಿ ಬಂದು ಕೂರುತ್ತದೆ, ಇದನ್ನು ಬಹಳ ಜನ ಗಮನಿಸಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ 50% ಕಳೆದೇ ಕೊಡುತ್ತಾರೆ. ಐದರಿಂದ ಹತ್ತು ವರ್ಷದ ಗಾಡಿಯ ಲೋಹದ ಭಾಗಕ್ಕೆ 40% ಕಡಿತ. ಗಾಜಿಗೆ ಮಾತ್ರ ಇಲ್ಲ. ಬಂಪರ್ ಪ್ಲಾಸ್ಟಿಕ್ಕು. ಒಂದು ಲಕ್ಷದ ಬಂಪರ್ ಒಡೆದರೆ ಐವತ್ತು ಸಾವಿರ ನಿಮ್ಮ ಜೇಬಿಂದಲೇ. ಈ ಕಡಿತ ಬೇಡ ಅಂದರೆ ಝೀರೋ ಡೆಪ್ ಅನ್ನೋ ಹೆಚ್ಚುವರಿ ವಿಮೆ ತಗೋಬೇಕು, ಜನ ಬಂಪರ್ ಟು ಬಂಪರ್ ಅನ್ನೋದು ಇದನ್ನೇ. ಪ್ರೀಮಿಯಂ ಜಾಸ್ತಿ, ಗಾಡಿ ಹಳೆಯದಾದಷ್ಟೂ ಸಿಗೋದು ಕಷ್ಟ.

ಹಾಗಂತ ತಗೋಬೇಡ ಅಂತ ನಾನು ಹೇಳಲಿಲ್ಲ. ಆ ಗಾಡಿಗಳ ಬ್ರೇಕು, ಹೈವೇಯಲ್ಲಿ ನೆಲ ಹಿಡಿದು ಹೋಗೋ ರೀತಿ ನನಗೂ ಇಷ್ಟ. ತಗೊಳ್ಳೋ ಮುಂಚೆ ಒಂದು ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸೋಕೆ ಹೇಳು, ಬೆಳಿಗ್ಗೆ ಸ್ಟಾರ್ಟ್ ಮಾಡೋ ಮೊದಲೇ ನಾಲ್ಕೂ ಚಕ್ರದ ಮೇಲಿನ ಸಂದು ನೋಡು, ಗಾಳಿ ಸೋರುತ್ತಿದ್ದರೆ ಆ ಮೂಲೆ ಕೆಳಗೆ ಕೂತಿರುತ್ತದೆ ಅಂದೆ. ಸರ್ವಿಸ್ ಪುಸ್ತಕದಲ್ಲಿ ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯಿಸಿದಾರೆ ಅಂತಲೂ ನೋಡು ಅಂದೆ.

ಮಾರುವವರು ಒಪ್ಪಿದರು. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಅಣ್ಣನ ಫೋನು. ಮುಂದಿನ ಎಡಗಡೆ ಚಕ್ರದ ಸಂದಿನಲ್ಲಿ ಎರಡೇ ಬೆರಳು ಹೋಗುತ್ತವಂತೆ, ಬಲಗಡೆ ನಾಲ್ಕು. "ಆ ಗಾಳಿ ಚೀಲದ ರೇಟು ಎಷ್ಟು ಅಂತ ಕೇಳಿ ಹೇಳು, ಆಮೇಲೆ ವ್ಯಾಪಾರ ಮಾತಾಡ್ತೀನಿ" ಅಂದ.